ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು



‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಕಿವಿಯಿಂದ ಕೇಳಿದ್ದನ್ನು ನಂಬಬೇಡ ಎಂದಷ್ಟೇ ಹೇಳಿದ್ದರೆ ಅದು ಸಾಧಾರಣ ಬುದ್ಧಿವಾದವಾಗುತ್ತಿತ್ತು. ನಮ್ಮ ಹಿರಿಯರು ಕಣ್ಣಿನ ಸಾಕ್ಷ್ಯವನ್ನೂ ಪರೀಕ್ಷೆಗೆ ಒಡ್ಡಿದರು. ಕಂಡದ್ದು ಒಂದು, ಕಂಡದ್ದಕ್ಕೆ ನಾವು ಕೊಡುವ ಅರ್ಥ ಇನ್ನೊಂದು. ಇವೆರಡರ ನಡುವೆ ಒಂದು ಅಂತರವಿದೆ. ಮನುಷ್ಯ ಮೋಸಹೋಗುವುದು ಆ ಅಂತರದಲ್ಲಿಯೇ ಎಂಬ ಅರಿವು ಈ ಪುಟ್ಟ ಗಾದೆಯಲ್ಲಿ ಅಡಗಿದೆ.

ಇದೇ ಅರಿವನ್ನು ಶಾಸ್ತ್ರವಾಗಿ ಬೆಳೆಸಿದ ವಿದ್ಯೆಯೊಂದಿದೆ. ಅದರ ಹೆಸರು ಸೆಮಿಯಾಟಿಕ್ಸ್. ಕನ್ನಡದಲ್ಲಿ ಚಿಹ್ನಶಾಸ್ತ್ರ ಎನ್ನಬಹುದು. ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ, ಅವರ ಪುಸ್ತಕದಲ್ಲಿ ಈ ಹೆಸರನ್ನು ನೀವು ಕಂಡಿರಬಹುದು. ಸೂಚಕ, ಸೂಚಿತ, ಪ್ರತಿರೂಪ, ಕುರುಹು, ಸಂಕೇತ ಎಂಬ ಪರಿಭಾಷೆಗಳನ್ನು ಬಾಯಿಪಾಠ ಮಾಡಿ, ಕಿರು ಟಿಪ್ಪಣಿಯೊಂದನ್ನು ಬರೆದು, ಪರೀಕ್ಷೆ ಮುಗಿದ ಮರುದಿನ ಮರೆತುಬಿಡುವ ಮಕ್ಕಳೇ ಹೆಚ್ಚು. ಪುಸ್ತಕದ ಉದಾಹರಣೆಗಳು ಬಹುಮಟ್ಟಿಗೆ ಪ್ಯಾರಿಸಿನವು, ಲಂಡನ್ನಿನವು. ಆದುದರಿಂದ ಇದು ಯಾರದೋ ಊರಿನ, ಯಾರಿಗೋ ಬೇಕಾದ ವಿದ್ಯೆಯೆಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ.

ಈ ಲೇಖನದ ವಾದ ಬೇರೆ. ಚಿಹ್ನಶಾಸ್ತ್ರ ಅಂಕ ಗಳಿಸುವ ವಿಷಯವಷ್ಟೇ ಅಲ್ಲ; ಕೈಯಲ್ಲಿ ಮೊಬೈಲು ಹಿಡಿದ ಪ್ರತಿಯೊಂದು ಕುಟುಂಬವೂ ಕಲಿಯಬೇಕಾದ ಓದಿನ ಶಿಸ್ತು. ಅದಕ್ಕೆ ಬೇಕಾದ ಉದಾಹರಣೆಗಳು ಯಾದಗಿರಿ, ಶಹಾಪುರ, ಸುರಪುರಗಳ ನಡುವಿನ ನೆಲದಲ್ಲಿಯೇ ಧಾರಾಳವಾಗಿ ಬಿದ್ದಿವೆ. ಆ ಉದಾಹರಣೆಗಳನ್ನು ಒಂದೊಂದಾಗಿ ನೋಡುತ್ತ ಹೋಗೋಣ.

ಮಲಗಿದ ಬೆಟ್ಟ

ಶಹಾಪುರದ ಬಳಿಯ ಬೆಟ್ಟಸಾಲನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ರಸ್ತೆಯ ಒಂದು ನೆಲೆಯಲ್ಲಿ ನಿಂತು ನೋಡಿದರೆ ಹಣೆ, ಮೂಗು, ಗದ್ದ, ಎದೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಬುದ್ಧನು ಅಂಗಾತ ಮಲಗಿ ವಿಶ್ರಮಿಸುತ್ತಿರುವಂತೆ ತೋರುತ್ತದೆ. ‘ಮಲಗಿದ ಬುದ್ಧ’ ಎಂದೇ ಆ ಬೆಟ್ಟ ಹೆಸರಾಗಿದೆ. ಆದರೆ ನೆಲೆಯನ್ನು ಬದಲಿಸಿ ಇನ್ನೊಂದು ದಿಕ್ಕಿನಿಂದ ನೋಡಿ: ಅಲ್ಲಿರುವುದು ಬರಿಯ ಬಂಡೆಗಲ್ಲು, ಕುರುಚಲು ಗಿಡ. ಯಾವ ಶಿಲ್ಪಿಯೂ ಅಲ್ಲಿ ಉಳಿ ಹಿಡಿಯಲಿಲ್ಲ. ಹೇಳಬೇಕೆಂದು ಯಾರೂ ಏನನ್ನೂ ಹೇಳಲಿಲ್ಲ. ಹಾಗಿದ್ದೂ ಅರ್ಥವೊಂದು ಹುಟ್ಟಿತು. ಹುಟ್ಟಿಸಿದವರು ಯಾರು? ನೋಡುವವರು. ಬುದ್ಧನ ಮೂರ್ತಿಯನ್ನಾಗಲಿ ಚಿತ್ರವನ್ನಾಗಲಿ ಎಂದೂ ಕಾಣದ ಒಬ್ಬನನ್ನು ಅಲ್ಲಿ ನಿಲ್ಲಿಸಿದರೆ, ಅವನಿಗೆ ಕಾಣುವುದು ಯಾರೋ ಒಬ್ಬ ಮಲಗಿದ ಮನುಷ್ಯನೇ ಹೊರತು ಬುದ್ಧನಲ್ಲ.

ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914) ಚಿಹ್ನೆಯ ಬಗೆಗೆ ಹೇಳಿದ ಮುಖ್ಯವಾದ ಮಾತು ಇದೇ. ಚಿಹ್ನೆ ಎಂಬುದು ತನ್ನಷ್ಟಕ್ಕೆ ತಾನೇ ಚಿಹ್ನೆಯಲ್ಲ. ಒಬ್ಬರ ಪಾಲಿಗೆ, ಒಂದು ವಿಷಯದಲ್ಲಿ, ಇನ್ನೊಂದರ ಪರವಾಗಿ ನಿಂತಾಗ ಮಾತ್ರ ಅದು ಚಿಹ್ನೆ. ನೋಡುವವರಿಲ್ಲದೆ ಚಿಹ್ನೆಯಿಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಓದುಗರಲ್ಲಿ ಕೋರುತ್ತೇನೆ. ಏಕೆಂದರೆ ಅರ್ಥವನ್ನು ಪೂರ್ಣಗೊಳಿಸುವವರು ನಾವೇ ಆಗಿದ್ದರೆ, ಆ ಅರ್ಥಕ್ಕೆ ಹೊಣೆಗಾರರೂ ನಾವೇ ಆಗಬೇಕಾಗುತ್ತದೆ.

ಪರ್ಸ್ ಚಿಹ್ನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದನು. ಹೋಲಿಕೆಯಿಂದ ಅರ್ಥ ಕೊಡುವುದು ಪ್ರತಿರೂಪ. ಶಹಾಪುರದ ಬೆಟ್ಟ ಇದಕ್ಕೆ ಸೇರಿದುದು. ಕಾರ್ಯಕಾರಣ ಸಂಬಂಧದಿಂದ ಅರ್ಥ ಕೊಡುವುದು ಕುರುಹು; ಹೊಗೆ ಬೆಂಕಿಯ ಕುರುಹು, ಹೆಜ್ಜೆಯ ಗುರುತು ನಡೆದವನ ಕುರುಹು. ಹೋಲಿಕೆಯೂ ಇಲ್ಲದೆ, ಕಾರಣಸಂಬಂಧವೂ ಇಲ್ಲದೆ, ಜನರ ಒಪ್ಪಂದದಿಂದ ಮಾತ್ರ ಅರ್ಥ ಕೊಡುವುದು ಸಂಕೇತ. ನಾವಾಡುವ ಮಾತೆಲ್ಲವೂ ಈ ಬಗೆಯದು.

ಬೂದಿ ಹೇಳಿದ ಕಥೆ

ಕುರುಹಿಗೆ ಉದಾಹರಣೆ ಬೇಕೆಂದರೆ ಸುರಪುರ ಸೀಮೆಯ ಬೂದಿಹಾಳಕ್ಕಿಂತ ಉತ್ತಮವಾದುದು ದೊರೆಯಲಾರದು. ಊರಿನ ಹೆಸರೇ ಬೂದಿಯನ್ನು ಹೇಳುತ್ತದೆ. ಅಲ್ಲಿರುವಂಥ ಬೂದಿಯ ದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಗಳಲ್ಲಿಯೂ ಇವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬಿಕೊಂಡು ಬಂದಿದ್ದಾರೆ. ಅದಿರು ಕರಗಿಸಿದ ಕುಲುಮೆಯ ಕಿಟ್ಟವಿರಬಹುದೆಂದು ಕೆಲವರು ಊಹಿಸಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ಉತ್ಖನನ ನಡೆಸಿ, ನೂತನ ಶಿಲಾಯುಗದ ದನಗಾಹಿ ಜನರ ನೆಲೆಯನ್ನು ಬೆಳಕಿಗೆ ತಂದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನದೊಡ್ಡಿಯ ಸಗಣಿಯನ್ನು ರಾಶಿ ಹಾಕಿ ಸುಟ್ಟುದರಿಂದ ಆ ಬೂದಿ ಉಂಟಾಗಿತ್ತು.

ಗಮನಿಸಿ: ಬೂದಿ ಸುಳ್ಳಾಡಲಿಲ್ಲ. ಏನೋ ಸುಟ್ಟಿದೆ ಎಂಬಷ್ಟನ್ನು ಅದು ನಿಜವಾಗಿಯೇ ಹೇಳುತ್ತಿತ್ತು. ಏನು ಸುಟ್ಟಿತು, ಯಾರು ಸುಟ್ಟರು, ಏಕೆ ಸುಟ್ಟರು ಎಂಬುದನ್ನು ನೋಡುವವರು ತಮ್ಮ ತಮ್ಮ ಮನಸ್ಸಿನಿಂದ ತುಂಬಿಕೊಂಡರು. ‘ಬೆಂಕಿಯಿಲ್ಲದೆ ಹೊಗೆಯಾಡದು’ ಎಂದು ನಾವು ವಾದಿಸುವಾಗಲೆಲ್ಲ ಈ ವಿವೇಕ ಇರಬೇಕು. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಇಟ್ಟವನು ನೆರೆಮನೆಯವನೇ ಎಂದು ಹೊಗೆ ಹೇಳುವುದಿಲ್ಲ.

ಒಪ್ಪಂದದ ಅರ್ಥ

ಇನ್ನು ಸಂಕೇತದ ಮಾತು. ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಫರ್ಡಿನಾಂಡ್ ಡಿ ಸಸ್ಯೂರ್ (1857–1913) ಪಾಠದಲ್ಲಿ ಹೇಳಿದ್ದನ್ನು ಅವನ ಶಿಷ್ಯರ ಟಿಪ್ಪಣಿಗಳಿಂದ ಸಂಗ್ರಹಿಸಿ 1916ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಚಿಹ್ನೆಗೆ ಎರಡು ಮುಖಗಳಿವೆ ಎಂಬುದು ಅವನ ಪ್ರತಿಪಾದನೆ: ಕಿವಿಗೆ ಬೀಳುವ ಅಥವಾ ಕಣ್ಣಿಗೆ ಕಾಣುವ ರೂಪ ಸೂಚಕ, ಅದರಿಂದ ಮನಸ್ಸಿನಲ್ಲಿ ಮೂಡುವ ಭಾವ ಸೂಚಿತ. ಇವೆರಡರ ನಂಟು ಸಹಜವಾದುದಲ್ಲ, ಬಳಕೆಯಿಂದ ಬಂದುದು. ಯಾದಗಿರಿಯ ರೈಲು ನಿಲ್ದಾಣದಲ್ಲಿ ಊರ ಹೆಸರನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆದಿದ್ದಾರೆ. ಆ ಅಕ್ಷರಗಳಲ್ಲಿ ಯಾವೊಂದೂ ಊರನ್ನು ಹೋಲುವುದಿಲ್ಲ. ಅಲ್ಲಿಯ ಕೋಟೆಯನ್ನಾಗಲಿ ಗುಡ್ಡವನ್ನಾಗಲಿ ನೆನಪಿಗೆ ತರುವ ಒಂದು ಗೆರೆಯೂ ಅದರಲ್ಲಿಲ್ಲ. ಆದರೂ ಓದಬಲ್ಲವನು ಇಳಿಯುತ್ತಾನೆ, ಓದಲಾರದವನು ಪಕ್ಕದವರನ್ನು ಕೇಳುತ್ತಾನೆ.

ಅರ್ಥವು ವ್ಯತ್ಯಾಸದಿಂದ ಹುಟ್ಟುತ್ತದೆ ಎಂಬುದು ಸಸ್ಯೂರನ ಇನ್ನೊಂದು ಮಾತು. ಚರ್ಚಿನ ಗಂಟೆಯನ್ನೇ ತೆಗೆದುಕೊಳ್ಳಿ. ಗಂಟೆ ಒಂದೇ, ಲೋಹ ಒಂದೇ, ಬಾರಿಸುವ ಕೈಯೂ ಒಂದೇ. ಬೇಗ ಬೇಗನೆ ಬಾರಿಸಿದರೆ ಪ್ರಾರ್ಥನೆಯ ಕರೆ. ನಿಧಾನವಾಗಿ, ಬಿಟ್ಟು ಬಿಟ್ಟು ಬಾರಿಸಿದರೆ ಊರಿನಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ನೀವು ಕೈಯ ಕೆಲಸ ಬಿಟ್ಟು ನಿಲ್ಲುತ್ತೀರಿ. ನಾದದಲ್ಲಿ ದುಃಖವಿಲ್ಲ, ಎರಡು ನಾದಗಳ ನಡುವಿನ ಅಂತರದಲ್ಲಿ ದುಃಖವನ್ನು ಓದಲು ನಾವು ಕಲಿತಿದ್ದೇವೆ. ಹೊರಗಿನಿಂದ ಬಂದವನಿಗೆ ಎರಡೂ ಗಂಟೆಯ ಸದ್ದೇ.

ಈ ಒಪ್ಪಂದವನ್ನು ಬಲ್ಲವರು ಕೆಲವರೇ ಆಗಿದ್ದರೆ ಏನಾಗುತ್ತದೆ? ಸುರಪುರ ಸೀಮೆಯ ಕೊಡೇಕಲ್ಲಿನ ಪರಂಪರೆಯನ್ನು ನೆನೆಯಿರಿ. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ ಸಾಹಿತ್ಯದೊಡನೆ ‘ಅಮರಗನ್ನಡ’ವೆಂಬ ಗೂಢಲಿಪಿಯ ಹೆಸರು ಸೇರಿಕೊಂಡಿದೆ. ಬರೆದುದು ಕನ್ನಡದ ಮಾತೇ. ಆದರೆ ಅಕ್ಷರಗಳ ಕೀಲಿ ತಿಳಿಯದವನಿಗೆ ಅದು ಬರಿಯ ಗೆರೆ. ಪ್ರತಿಯೊಂದು ಮಾಧ್ಯಮಕ್ಕೂ ಹೀಗೊಂದು ಕೀಲಿ ಇದೆ. ಗೂಢಲಿಪಿಯ ಎದುರು ನಿಂತಾಗ ನಮಗೆ ಓದಲು ಬಾರದು ಎಂಬುದಾದರೂ ನಮಗೆ ಗೊತ್ತಿರುತ್ತದೆ. ಚಿತ್ರ ಮತ್ತು ಚಲನಚಿತ್ರಗಳ ಎದುರು ನಿಂತಾಗ ಹಾಗಲ್ಲ. ಕಣ್ಣಿದ್ದವರಿಗೆಲ್ಲ ಅವು ಅರ್ಥವಾಗುತ್ತವೆ ಎಂಬ ಭ್ರಮೆ ನಮ್ಮದು. ಅಪಾಯವಿರುವುದು ಅಲ್ಲಿಯೇ.

ಬಣ್ಣ, ಗಾತ್ರ, ಬಂಗಲೆ

ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆ ನಮ್ಮ ಭಾಗದ ಹೆಮ್ಮೆ. ಕಿರಿದಾದ ಅಳತೆ, ಸೂಕ್ಷ್ಮವಾದ ರೇಖೆ, ಚಿನ್ನದ ಲೇಪ ಇವು ಅದರ ಲಕ್ಷಣಗಳು. ಇಂಥ ನಮ್ಮ ಹಳೆಯ ಚಿತ್ರಗಳಲ್ಲಿ ಕೃಷ್ಣನು ನೀಲವರ್ಣದವನು, ದೇವರೂ ದೊರೆಯೂ ದೊಡ್ಡ ಗಾತ್ರದವರು, ಸೇವಕರು ಚಿಕ್ಕವರು. ಸೇವಕನು ದೂರದಲ್ಲಿರುವುದರಿಂದ ಚಿಕ್ಕವನಾಗಿ ಕಾಣುತ್ತಾನೆಂದು ಯಾರೂ ತಿಳಿಯುವುದಿಲ್ಲ. ಗಾತ್ರ ಅಲ್ಲಿ ಅಂತಸ್ತಿನ ಭಾಷೆ. ಚಿನ್ನವು ಮಹಿಮೆಯ ಭಾಷೆ.

ಈಗ ನಮ್ಮ ಮೂರು ಪಟ್ಟಣಗಳ ಯಾವ ವೃತ್ತದಲ್ಲಾದರೂ ನಿಂತು ಹುಟ್ಟುಹಬ್ಬದ ಬ್ಯಾನರೊಂದನ್ನು ನೋಡಿ. ನಡುವೆ ನಾಯಕನ ಆಳೆತ್ತರದ ಚಿತ್ರ, ಮೇಲೆ ಹಿರಿಯ ಮುಖಂಡರ ಸಾಲು, ಕೆಳಗೆ ಬೆರಳುಗಾತ್ರದ ಅಭಿಮಾನಿಗಳ ಮುಖಗಳು. ಯಂತ್ರ ಹೊಸದು, ಭಾಷೆ ಹಳೆಯದು. ಫ್ರಾನ್ಸಿನ ವಿಮರ್ಶಕ ರೊಲಾಂ ಬಾರ್ತ್ 1957ರಲ್ಲಿ ಪ್ರಕಟಿಸಿದ ‘ಮಿಥಾಲಜೀಸ್’ ಕೃತಿಯಲ್ಲಿ ಇಂಥ ನಿತ್ಯದ ವಸ್ತುಗಳನ್ನೇ ವಿಮರ್ಶೆಗೆ ಒಳಪಡಿಸಿದನು. ಚಿತ್ರಕ್ಕೆ ನೇರವಾದ ಅರ್ಥವೊಂದಿರುತ್ತದೆ. ಅದರ ಮೇಲೆ ಎರಡನೆಯ ಅರ್ಥವೊಂದು ಸವಾರಿ ಮಾಡುತ್ತದೆ. ನಮ್ಮ ಅಲಂಕಾರಶಾಸ್ತ್ರದವರು ಅಭಿಧೆ, ವ್ಯಂಜನೆ ಎಂದು ಕರೆದದ್ದಕ್ಕೆ ಇದು ಹತ್ತಿರದ್ದು. ಬ್ಯಾನರಿನ ನೇರ ಅರ್ಥ ‘ಇವರಿಗೆ ಇಂದು ಜನ್ಮದಿನ’. ಅದರ ಧ್ವನಿ ‘ಇವರ ನೆರಳಿನಲ್ಲಿ ನಾವಿದ್ದೇವೆ, ನಮ್ಮನ್ನು ಗುರುತಿಸಿರಿ’. ಎರಡನೆಯದನ್ನು ಯಾರೂ ಬರೆದಿಲ್ಲ, ಎಲ್ಲರೂ ಓದಿಕೊಳ್ಳುತ್ತಾರೆ. ಬರೆಯದಿದ್ದುದರಿಂದಲೇ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಇನ್ನೂ ಸೂಕ್ಷ್ಮವಾದ ಉದಾಹರಣೆ. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಿಂದ 1853ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡನು. ಬಾಲಕ ರಾಜಾ ವೆಂಕಟಪ್ಪ ನಾಯಕನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂಬ ಸಂಗತಿ ಪ್ರಸಿದ್ಧವಾಗಿದೆ. ಅದೇ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಆ ವರ್ಷವೇ ಮಡಿದನು. ಆ ಬಂಗಲೆಯನ್ನು ಒಬ್ಬರು ವಾತ್ಸಲ್ಯದ ಗುರುತೆಂದು ಓದುತ್ತಾರೆ, ಮತ್ತೊಬ್ಬರು ಪರರಾಜ್ಯದ ಕಾವಲು ಎಂದು ಓದುತ್ತಾರೆ. ಕಲ್ಲುಗಾರೆಗಳ ಕಟ್ಟಡ ಒಂದೇ. ಇಲ್ಲಿ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಒಂದುಂಟು: ಆ ವಾತ್ಸಲ್ಯದ ಚಿತ್ರವನ್ನು ನಮಗೆ ಕೊಟ್ಟವರು ಯಾರು? ಸ್ವತಃ ಟೇಲರನೇ, ಅವನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ಹಾಗೆಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಆದರೆ ಹೇಳಿದವನು ಯಾರೆಂದು ತಿಳಿದು ಓದುವುದಕ್ಕೂ ತಿಳಿಯದೆ ಓದುವುದಕ್ಕೂ ಬಹಳ ವ್ಯತ್ಯಾಸವಿದೆ.

ಚಿತ್ರದ ಕೆಳಗಿನ ಸಾಲು

ಭೀಮಾನದಿಯ ದಂಡೆಯ ಸನ್ನತಿ ಮತ್ತು ಕನಗನಹಳ್ಳಿಗಳು ಕಲಬುರಗಿ ಜಿಲ್ಲೆಗೆ ಸೇರಿದ್ದರೂ ನಮಗೆ ನೆರೆಯ ಊರುಗಳೇ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನವಿರುವುದು ಬೆಳಕಿಗೆ ಬಂದಿತು. ಒಂದು ಕಾಲದಲ್ಲಿ ಚಕ್ರವರ್ತಿಯ ಆಜ್ಞೆಯಾಗಿದ್ದ ಅಕ್ಷರಗಳು, ಓದುವವರು ಇಲ್ಲವಾದ ಮೇಲೆ ಪೀಠದ ಕಲ್ಲಾಗಿ ಉಳಿದಿದ್ದವು.

ಅನಂತರ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ರಾಜನೊಬ್ಬನು ರಾಣಿಯೊಡನೆ, ಪರಿವಾರದೊಡನೆ ನಿಂತಿರುವ ಶಿಲ್ಪಫಲಕ ದೊರೆಯಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೊ’ ಎಂದು ಕೊರೆಯಲಾಗಿದೆ. ಆ ಎರಡು ಪದಗಳಿಂದಾಗಿ ಜಗತ್ತು ಆ ಶಿಲ್ಪವನ್ನು ಅಶೋಕನೆಂದು ಗುರುತಿಸಿತು. ಅವನ್ನು ಅಳಿಸಿದರೆ ಉಳಿಯುವುದು ‘ಯಾರೋ ಒಬ್ಬ ರಾಜ’. ಶಿಲ್ಪವನ್ನು ಕೊರೆದುದು ಅಶೋಕನು ತೀರಿಕೊಂಡು ಶತಮಾನಕ್ಕೂ ಮಿಗಿಲಾದ ಮೇಲೆ. ಶಿಲ್ಪಿ ಅವನ ಮುಖವನ್ನು ಕಂಡವನಲ್ಲ. ಆದುದರಿಂದ ಅಲ್ಲಿ ನಮಗೆ ಅಶೋಕನನ್ನು ತೋರಿಸುವುದು ಮುಖದ ಹೋಲಿಕೆಯಲ್ಲ, ಅದರ ಜೊತೆಗಿರುವ ಬರಹ.

ಇದನ್ನೇ ಬಾರ್ತ್ 1964ರ ತನ್ನ ಪ್ರಬಂಧವೊಂದರಲ್ಲಿ ಲಂಗರು ಎಂದು ಕರೆದನು. ಚಿತ್ರದ ಅರ್ಥ ಹಲವು ದಿಕ್ಕಿಗೆ ತೇಲುವ ದೋಣಿಯಂತಿರುತ್ತದೆ. ಅದರ ಜೊತೆಗಿಟ್ಟ ಮಾತು ಅದನ್ನು ಒಂದೆಡೆ ಕಟ್ಟಿ ನಿಲ್ಲಿಸುತ್ತದೆ. ಪತ್ರಿಕೆಯಲ್ಲಿ ಚಿತ್ರದ ಕೆಳಗಿನ ಸಾಲು ಮಾಡುವ ಕೆಲಸವಿದು. ಲಂಗರನ್ನು ಕಡಿದರೆ ದೋಣಿ ಎಲ್ಲಿಗಾದರೂ ಹೋದೀತು. ಬೇರೊಬ್ಬನು ಬೇರೊಂದು ದಡದಲ್ಲಿ ಅದಕ್ಕೆ ತನ್ನ ಲಂಗರನ್ನು ಕಟ್ಟಿಯಾನು.

ಶಾಲೆಯ ಅಂಗಳದಿಂದ ಅಂಗೈಗೆ

ಚಿಹ್ನೆಯೊಂದೇ ಅಲ್ಲ, ಅದನ್ನು ಹೊತ್ತು ತರುವ ಮಾಧ್ಯಮವೂ ಅರ್ಥವನ್ನು ರೂಪಿಸುತ್ತದೆ. ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಮರೆತುಹೋದ ಹಿರಿಮೆಯೊಂದಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ಸರ್ಕಾರವು ಅಮೆರಿಕದ ಉಪಗ್ರಹವೊಂದರ ನೆರವಿನಿಂದ ‘ಸೈಟ್’ ಎಂಬ ದೂರದರ್ಶನ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು, ಬಿಜಾಪುರ. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಹಿಂದುಳಿದ ಪ್ರದೇಶವೆನಿಸಿದ ಈ ಭಾಗದ ಹಳ್ಳಿಗರು ಟಿ.ವಿ. ನೋಡಿದ್ದರು.

ಅವರು ನೋಡಿದ ರೀತಿ ವಿಚಾರಮಾಡತಕ್ಕದ್ದು. ಹಳ್ಳಿಗೊಂದೇ ಪೆಟ್ಟಿಗೆ, ಅದನ್ನು ಸಾಮಾನ್ಯವಾಗಿ ಶಾಲೆಯಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಕೃಷಿ, ಆರೋಗ್ಯ, ವಾರ್ತೆ, ಮನರಂಜನೆ. ನೂರಾರು ಜನರು ಒಟ್ಟಿಗೆ ಕುಳಿತು ನೋಡುವಾಗ ಒಬ್ಬನ ಸಂಶಯಕ್ಕೆ ಇನ್ನೊಬ್ಬನ ಉತ್ತರ ಅಲ್ಲಿಯೇ ದೊರೆಯುವ ಅವಕಾಶವಿತ್ತು. ಅರ್ಥವು ಹತ್ತು ಮಂದಿಯ ಮಾತಿನಲ್ಲಿ ಸೋಸಿ ಬರುತ್ತಿತ್ತು. ಇಂದು ಅಂಗೈಯ ಮೊಬೈಲಿನಲ್ಲಿ ಚಿತ್ರವು ಒಬ್ಬೊಬ್ಬರಿಗೇ ಬರುತ್ತದೆ, ರಾತ್ರಿ ಹಾಸಿಗೆಯಲ್ಲಿ ಬರುತ್ತದೆ, ಪರಿಚಿತರ ಹೆಸರಿನಿಂದ ಬರುತ್ತದೆ. ಪತ್ರಿಕೆಗೆ ಸಂಪಾದಕನಿದ್ದಾನೆ, ಆಕಾಶವಾಣಿಗೆ ನಿಲಯವಿದೆ; ಇದಕ್ಕೆ ಕಳಿಸಿದ ಗೆಳೆಯನ ಮುಖವೇ ಪ್ರಮಾಣ. ಗೆಳೆಯನ ಮೇಲಿನ ವಿಶ್ವಾಸವನ್ನು ನಾವು ಚಿತ್ರದ ಮೇಲೆ ವರ್ಗಾಯಿಸಿಬಿಡುತ್ತೇವೆ.

ಒಂದು ದೃಶ್ಯತುಣುಕಿನ ವಿಮರ್ಶೆ

ಇಲ್ಲಿಯವರೆಗೆ ಕಲಿತುದೆಲ್ಲವನ್ನೂ ಒಂದು ಪಠ್ಯಕ್ಕೆ ಅನ್ವಯಿಸೋಣ. 2018ರಲ್ಲಿ ಭಾರತದ ಹಲವು ರಾಜ್ಯಗಳಲ್ಲಿ ಒಂದು ದೃಶ್ಯತುಣುಕು ವಾಟ್ಸಾಪಿನಲ್ಲಿ ಹರಿದಾಡಿತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ‘ಮಕ್ಕಳ ಕಳ್ಳರು ನಮ್ಮ ಕಡೆಗೆ ಬಂದಿದ್ದಾರೆ, ಎಚ್ಚರ’ ಎಂಬಂಥ ಮಾತುಗಳು ಅದರ ಜೊತೆಗೆ ಬರುತ್ತಿದ್ದವು.

ಅದು ನಡೆದ ಘಟನೆಯ ಚಿತ್ರವಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ಪಾಲಕರ ಜಾಗೃತಿಗಾಗಿ ನಟರಿಂದ ಮಾಡಿಸಿದ ಕಿರುಚಿತ್ರ ಅದು. ಮೂಲದಲ್ಲಿ ಸವಾರರು ಮಗುವನ್ನು ಮರಳಿ ತಂದು ಬಿಡುತ್ತಾರೆ. ಮಗುವನ್ನು ಕದಿಯುವುದು ಎಷ್ಟು ಸುಲಭವೆಂದು ಎಚ್ಚರಿಸುವ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಕನಗನಹಳ್ಳಿಯ ಫಲಕದಿಂದ ಆ ಎರಡು ಪದಗಳನ್ನು ಅಳಿಸಿದರೆ ಆಗುವುದೇನೋ ಇಲ್ಲಿ ಆದದ್ದೂ ಅದೇ. ಲಂಗರು ಹೋಯಿತು, ಹೊಸ ಲಂಗರು ಬಿತ್ತು. ಮಕ್ಕಳನ್ನು ಕಾಪಾಡಲೆಂದು ಮಾಡಿದ ಚಿತ್ರ ಮನುಷ್ಯರನ್ನು ಕೊಲ್ಲಿಸುವ ಚಿತ್ರವಾಯಿತು.

ಅದು ಜನರನ್ನು ನಂಬಿಸಿದ ಬಗೆಯನ್ನು ನೋಡಿ. ನಟನೆಯ ದೃಶ್ಯ ಘಟನೆಯ ಪ್ರತಿರೂಪ ಮಾತ್ರ. ಅಂದರೆ ಅಪಹರಣವನ್ನು ಹೋಲುವಂಥದು. ನೋಡಿದವರು ಅದನ್ನು ಕುರುಹೆಂದು ತಿಳಿದರು. ಅಂದರೆ ಅಪಹರಣದಿಂದಲೇ ಉಂಟಾದ ಸಾಕ್ಷ್ಯವೆಂದು ತಿಳಿದರು. ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಆ ಎರಡು ಪರಿಭಾಷೆಗಳ ವ್ಯತ್ಯಾಸ ಇಲ್ಲಿ ಬದುಕಿಗೂ ಸಾವಿಗೂ ಇರುವ ವ್ಯತ್ಯಾಸವಾಯಿತು.

ಆ ಭಯದ ದಿನಗಳಲ್ಲಿ, 2018ರ ಜುಲೈ 13ರಂದು, ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಎಂಬಲ್ಲಿ ಏನಾಯಿತೆಂಬುದು ನಿಮಗೆ ನೆನಪಿರಬಹುದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟು ಕೊಟ್ಟಿತು. ಮಕ್ಕಳ ಕಳ್ಳರೆಂಬ ಸಂಶಯ ಹುಟ್ಟಿತು. ಅವರ ಚಿತ್ರ ಮತ್ತು ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಕಾರಿನಲ್ಲಿ ಹೊರಟವರನ್ನು ಮುರ್ಕಿಯಲ್ಲಿ ತಡೆದು ಗುಂಪು ಹೊಡೆಯಿತು. ತಂಡದಲ್ಲಿದ್ದ ಯುವ ಎಂಜಿನಿಯರೊಬ್ಬನು ಸತ್ತನು. ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟಾಯಿತು.

ಮಗುವಿನ ಕೈಗೆ ಚಾಕೊಲೇಟು ಕೊಡುವುದು ನಮ್ಮಲ್ಲಿ ವಾತ್ಸಲ್ಯದ ಗುರುತು. ನೆಂಟರು ಬರಿಗೈಯಲ್ಲಿ ಬಂದರೆ ಮಕ್ಕಳು ಮುಖ ಸಣ್ಣದು ಮಾಡುತ್ತವೆ. ಆ ಸೂಚಕ ಅಂದು ಬದಲಾಗಲಿಲ್ಲ, ಸೂಚಿತ ಬದಲಾಯಿತು. ಬದಲಿಸಿದುದು ಚಾಕೊಲೇಟಲ್ಲ, ಕೊಟ್ಟ ಕೈಯೂ ಅಲ್ಲ. ಅಂಗೈಗಳಲ್ಲಿ ಮೊದಲೇ ಬಂದು ಕುಳಿತಿದ್ದ ಭಯ. ಹೊಡೆದವರು ಹುಟ್ಟಾ ಕ್ರೂರಿಗಳೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದಲೇ ಅನೇಕರು ಸುದ್ದಿಯನ್ನು ಮುಂದೆ ಕಳಿಸಿದ್ದರು. ತಪ್ಪಾಗಿ ಓದಿದ ಪ್ರೀತಿ ಕೂಡ ಕೊಲ್ಲಬಲ್ಲದು.

ಆ ತಿಂಗಳಿನಲ್ಲಿಯೇ ವಾಟ್ಸಾಪ್ ಸಂಸ್ಥೆ ಮುಂದೆ ಕಳಿಸಿದ ಸಂದೇಶಗಳ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ಹಾಕತೊಡಗಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿಯನ್ನೂ ತಂದಿತು. ಆ ಚಿಕ್ಕ ಬಾಣದ ಗುರುತೂ ಒಂದು ಚಿಹ್ನೆಯೇ: ಕಳಿಸಿದವನು ಇದನ್ನು ಕಂಡವನಲ್ಲ, ಪಡೆದವನು ಎಂಬುದು ಅದರ ಅರ್ಥ. ಅದನ್ನು ಓದುವವರು ನಮ್ಮಲ್ಲಿ ಎಷ್ಟು ಜನ?

ಮನೆಯೊಳಗಿನ ಅಭ್ಯಾಸ

ಕೊನೆಗೆ, ಈ ಶಾಸ್ತ್ರದ ಬಗೆಗೂ ಒಂದು ಆಕ್ಷೇಪವನ್ನು ಹೇಳದಿದ್ದರೆ ವಿಮರ್ಶೆ ಪೂರ್ಣವಾಗದು. ಅರ್ಥಗಳೆಲ್ಲ ಒಪ್ಪಂದದವು, ಚಿತ್ರಗಳೆಲ್ಲ ಕಟ್ಟಿದವು ಎಂದು ಕಲಿತ ವಿದ್ಯಾರ್ಥಿ ಕೆಲವೊಮ್ಮೆ ಎಲ್ಲವನ್ನೂ ಅಲ್ಲಗಳೆಯುವ ಜಾಣನಾಗಿಬಿಡುತ್ತಾನೆ. ಕೃತಕ ಬುದ್ಧಿಮತ್ತೆಯಿಂದ ಇಲ್ಲದ ಮುಖ, ಆಡದ ಮಾತು ಸೃಷ್ಟಿಯಾಗುತ್ತಿರುವ ಈ ದಿನಗಳಲ್ಲಿ ಈ ಪ್ರವೃತ್ತಿಗೆ ಇನ್ನಷ್ಟು ಬಲ ಬಂದಿದೆ. ಮೊದಲು ಛಾಯಾಚಿತ್ರವು ವಸ್ತುವಿನಿಂದ ಬಂದ ಬೆಳಕಿನ ಅಚ್ಚು. ಆದುದರಿಂದ ಅದು ಹೋಲಿಕೆಯೂ ಹೌದು, ಕುರುಹೂ ಹೌದು ಎನ್ನುತ್ತಿದ್ದೆವು. ಈಗ ಹೋಲಿಕೆ ಉಳಿದಿದೆ, ಕುರುಹೆಂಬ ಭರವಸೆ ಹೋಗಿದೆ. ಹಾಗೆಂದು ನಿಜವಾದ ಅನ್ಯಾಯದ ಚಿತ್ರವನ್ನೂ ‘ಇದೆಲ್ಲ ಕಟ್ಟುಕಥೆ’ ಎಂದು ತಳ್ಳಿಹಾಕುವವನು, ಎಲ್ಲವನ್ನೂ ನಂಬುವವನಷ್ಟೇ ಕುರುಡನು. ಗಾದೆಯು ‘ನಂಬಬೇಡ’ ಎನ್ನುವುದಿಲ್ಲ; ‘ಪ್ರಮಾಣಿಸಿ ನೋಡು’ ಎನ್ನುತ್ತದೆ. ಬೂದಿಹಾಳದ ಬೂದಿಯನ್ನು ಅಗೆದು ನೋಡಿದವರು ಮಾಡಿದುದು ಅದನ್ನೇ.

ಆದುದರಿಂದ ಓದುಗರೇ, ನಿಮ್ಮ ಮನೆಯಲ್ಲಿ ಮಾಧ್ಯಮ ಓದುತ್ತಿರುವ ಮಕ್ಕಳಿದ್ದರೆ ಅವರನ್ನು ಈ ಕೆಲಸಕ್ಕೆ ಹಚ್ಚಿರಿ. ಇಲ್ಲದಿದ್ದರೆ ನೀವೇ ಆರಂಭಿಸಿರಿ. ಯಾವುದಾದರೂ ಚಿತ್ರ ನಿಮ್ಮನ್ನು ಕೋಪಗೊಳಿಸಿದರೆ ಅಥವಾ ಹೆದರಿಸಿದರೆ ಅದನ್ನು ಎಲ್ಲರೂ ಕೂಡಿ ನೋಡಿ, ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಇದು ನಡೆದುದರ ಕುರುಹೋ, ಅದರ ಹೋಲಿಕೆಯೋ? ಇದನ್ನು ಮೊದಲು ಹೇಳಿದವರು ಯಾರು, ಕಳಿಸಿದವರು ಯಾರು? ಇದರ ಹಿಂದೆ ಮುಂದೆ ಏನಿತ್ತು, ಏನನ್ನು ಕತ್ತರಿಸಿದ್ದಾರೆ? ಜೊತೆಗಿರುವ ಮಾತನ್ನು ತೆಗೆದುಹಾಕಿದರೆ ಚಿತ್ರ ಅದೇ ಅರ್ಥವನ್ನು ಹೇಳೀತೇ? ಉತ್ತರ ದೊರೆಯದಿದ್ದರೆ ಸಂದೇಶ ಅಲ್ಲಿಯೇ ನಿಲ್ಲಲಿ. ಮುಂದೆ ಕಳಿಸದಿರುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ, ಬೆರಳನ್ನು ಕ್ಷಣಕಾಲ ಹಿಡಿಯುವ ಸಂಯಮ ಸಾಕು.

ಚಿಹ್ನೆಯನ್ನು ಕಟ್ಟಿದವರು ದೂರದಲ್ಲಿರಬಹುದು, ಅವರ ಹೆಸರು ನಮಗೆ ತಿಳಿಯದಿರಬಹುದು. ಆದರೆ ಅದರ ಅರ್ಥ ಪೂರ್ಣವಾಗುವುದು ನಮ್ಮ ಮನೆಯ ಜಗಲಿಯಲ್ಲಿ, ನಮ್ಮ ಕೈಯಲ್ಲಿ. ಅಪರಿಚಿತನೊಬ್ಬನು ನಮ್ಮ ಊರಿನ ದಾರಿಯಲ್ಲಿ ಮಗುವಿಗೆ ಮಿಠಾಯಿ ಕೊಟ್ಟು ಸುರಕ್ಷಿತವಾಗಿ ತನ್ನ ಮನೆಗೆ ಮರಳುವುದು ನಾವು ಹೇಗೆ ಓದುತ್ತೇವೆ ಎಂಬುದನ್ನು ಅವಲಂಬಿಸಿದೆ.